ಮೊದಲು ಅಜ್ಜಿಗೆ, ಆಮೇಲೆ ಊರಿಗೆ

ಲವಂಗದ ವಾಸನೆ ಬಂದರೆ ಬೇರೆಯವರಿಗೆ ಬಿರಿಯಾನಿಯೋ ಹಲ್ಲುನೋವೋ ನೆನಪಾಗಬಹುದು, ನನಗೆ ಮೈಕು ನೆನಪಾಗುತ್ತದೆ. ಮೊನ್ನೆ ಚಿತ್ರದುರ್ಗದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ಇಂಜೆಕ್ಷನ್ನು ಕೊಟ್ಟು ನಾಲಿಗೆಯನ್ನು ಮರದ ತುಂಡು ಮಾಡಿ, ಹಲ್ಲು ಕಿತ್ತು, ಆಮೇಲೆ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ದವಡೆಯ ಸಂದಿಗಿಟ್ಟರು ನೋಡಿ, ಕಣ್ಣಲ್ಲಿ ನೀರು ಬಂತು. 'ನೋವಾಯ್ತಾ?' ಎಂದು ಕೇಳಿದರು. ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ ಇಲ್ಲವೆಂದೋ ನನಗೇ ತಿಳಿಯಲಿಲ್ಲ. ನಮ್ಮಜ್ಜನ ಮೈಕಿನ ತುದಿಗೆ ಕೆಂಪು ಸ್ಪಂಜಿನ ಟೋಪಿಯೊಂದಿತ್ತು. ಬಲಗೆನ್ನೆಯಲ್ಲಿ ಲವಂಗ ಇಟ್ಟುಕೊಂಡು ವರ್ಷಗಟ್ಟಲೆ ಅದರೊಳಗೆ ಮಾತಾಡಿದ್ದರಿಂದ ಅದು ಸ್ಪಂಜೋ ಮಸಾಲೆಯ ಗಂಟೋ ಎನ್ನುವಂತಾಗಿತ್ತು. ಚಿಕ್ಕವನಾಗಿದ್ದಾಗ ಯಾರೂ ಇಲ್ಲದ ಹೊತ್ತಿನಲ್ಲಿ ಅದನ್ನು ಮೂಗಿಗೆ ಹಿಡಿದು ಎಳೆದುಕೊಳ್ಳುತ್ತಿದ್ದೆ. ಆ ವಾಸನೆಯೊಳಗೆ ಊರಿನ ಅಷ್ಟೂ ಸುದ್ದಿ ಇತ್ತು: ಕಳೆದುಹೋದ ಹಸು, ಬಾರದ ನಲ್ಲಿ ನೀರು, ತೀರಿಕೊಂಡವರ ಹೆಸರು, ಹಾಲುರಾಮೇಶ್ವರದ ಜಾತ್ರೆಗೆ ಬಿಟ್ಟ ವಿಶೇಷ ಬಸ್ಸು.

ಹೊಸದುರ್ಗದ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಅಪ್ಪ ಅಮ್ಮ ಬೆಳಿಗ್ಗೆಯೇ ಕೊಬ್ಬರಿ ಮಂಡಿಯ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜ, ಅಜ್ಜಿ, ನಾನು, ಮತ್ತೆ ಜಗಲಿಯ ತೊಲೆಗೆ ಉಮ್ಮತ್ತಿ ಹೂವಿನಂತೆ ತಲೆಕೆಳಗಾಗಿ ನೇತುಬಿದ್ದ ನಾಲ್ಕು ಲೌಡ್‌ಸ್ಪೀಕರುಗಳು. ಅವು ನಮ್ಮವಲ್ಲ. ಊರು ಸುತ್ತಿ ಸಾರುವ ಆಟೋ ಬಾಷಾ ಮಾಮನದು, ಮೈಕ್ ಸೆಟ್ಟೂ ಅವರದೇ, ಗಂಟಲೊಂದು ಮಾತ್ರ ಅಜ್ಜನದು. ಅಜ್ಜನ ಹೆಸರು ತಿಪ್ಪಣ್ಣ, ಊರಿಗೆ ಮೈಕು ತಿಪ್ಪಣ್ಣ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಈ ಗುಡ್ಡದ ಮೇಲೆ ನಿಂತು ಆ ಗುಡ್ಡದ ಕುರಿಯನ್ನು ಕರೆದೂ ಕರೆದೂ ಅವನ ಗಂಟಲು ಅಗಲವಾಯಿತಂತೆ. 'ನಿಮ್ ತಾತಂಗೆ ಮೈಕ್ ಯಾಕೆ ಬೇಕೋ, ಮೈಕಿಗೇ ನಿಮ್ ತಾತ ಬೇಕು' ಎಂದು ಬಾಷಾ ಮಾಮ ನಗುತ್ತಿದ್ದರು. ಸೂತಕದ ಮನೆಯ ಮುಂದೆ ಸ್ಪೀಕರನ್ನು ಆಚೆ ತಿರುಗಿಸುವುದು, ಆಜಾನ್ ಹೊತ್ತಿನಲ್ಲಿ ಆಟೋವನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಸುಮ್ಮನಾಗುವುದು, ಪರೀಕ್ಷೆಯ ದಿನಗಳಲ್ಲಿ ಶಾಲೆಯ ಬೀದಿಗೆ ಹೋಗದಿರುವುದು, ಇವನ್ನೆಲ್ಲ ಇಬ್ಬರೂ ಮಾತಾಡದೆಯೇ ಪಾಲಿಸುತ್ತಿದ್ದರು. ನಾನು ಇಬ್ಬರದೂ ದನಿ ಮಾಡುತ್ತಿದ್ದೆ. ಬಾಷಾ ಮಾಮನ ಕೆಮ್ಮು, ಆಟೋ ಸ್ಟಾರ್ಟಾಗುವ ಮುಂಚಿನ ಅದರ ಕೆಮ್ಮು, ಎರಡನ್ನೂ ಒಂದಾದ ಮೇಲೊಂದು ಮಾಡಿದರೆ ಯಾವುದು ಯಾವುದೆಂದು ಅಜ್ಜಿಗೂ ಗೊತ್ತಾಗುತ್ತಿರಲಿಲ್ಲ. ಆಗ ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು, ಕಿವಿಯೇ ಅವಳ ಕಣ್ಣು. ಅದನ್ನು ಏಮಾರಿಸಿದೆನೆಂದರೆ ನಾನು ಆಗಲೇ ಸಣ್ಣ ಆಸಾಮಿಯಲ್ಲ ಎಂದು ಲೆಕ್ಕ.

ಆ ಮನೆಗೆ ಒಂದು ಪದ್ಧತಿ ಇತ್ತು. ಯಾರೇ ಸಾರಲು ಚೀಟಿ ತಂದುಕೊಡಲಿ, ಅಜ್ಜ ಅದನ್ನು ನೇರವಾಗಿ ಊರಿಗೆ ಓದುತ್ತಿರಲಿಲ್ಲ. ಸಂಜೆ ಹೊಸ್ತಿಲ ಹೊರಗೆ ನಿಂತು, ಮೈಕಿನ ಬದಲು ಮುಷ್ಟಿಯನ್ನು ಬಾಯಿಗೆ ಹಿಡಿದು, ಮೊದಲು ಅಜ್ಜಿಗೆ ಸಾರುತ್ತಿದ್ದ. ಅಜ್ಜಿ ಒಳಗೆ ಮೊರದಲ್ಲಿ ಶೇಂಗಾ ಸುಲಿಯುತ್ತ ಕೈಯ ಅಂದಾಜಿನಲ್ಲೇ ಸಿಪ್ಪೆ ಒಂದು ಕಡೆ ಬೀಜ ಒಂದು ಕಡೆ ಮಾಡುತ್ತ ಕೇಳುತ್ತಿದ್ದಳು. ಮುಗಿದ ಮೇಲೆ ಮೂರೇ ಪ್ರಶ್ನೆ. 'ಎಲ್ಲಿ? ಯಾವತ್ತು? ನಾನೇನ್ ತಕಂಡು ಹೋಗ್ಬೇಕು?' ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಅವಳು ತಲೆಯಾಡಿಸುತ್ತಿದ್ದಳು, ಬೆಳಿಗ್ಗೆ ಆಟೋ ಹೊರಡುತ್ತಿತ್ತು. ನಾಲ್ಕನೆಯ ಪ್ರಶ್ನೆ ಹುಟ್ಟಿತೆಂದರೆ ಚೀಟಿಯಲ್ಲಿ ಕುಂದು ಇದೆಯೆಂದು ಅರ್ಥ. ಅಜ್ಜ ಪೆನ್ಸಿಲ್ಲು ಕಿವಿಯಿಂದ ತೆಗೆದು ತಿದ್ದುತ್ತಿದ್ದ. ಇನ್ನೊಂದು ವಿಚಿತ್ರವೆಂದರೆ, ಸಂಜೆ ಕೇಳಿದ್ದನ್ನು ಅಜ್ಜಿ ಕೇಳಿದ್ದೆಂದು ಒಪ್ಪುತ್ತಲೇ ಇರಲಿಲ್ಲ. ಪಲ್ಸ್ ಪೋಲಿಯೋಗೆ ನನ್ನನ್ನು ಎತ್ತಿಕೊಂಡು ಹೋದದ್ದೂ ಬೆಳಿಗ್ಗೆ ಆಟೋ ಓಣಿಗೆ ಬಂದು ಹೋದ ಮೇಲೆಯೇ. 'ನಿನ್ನೆದು ನನ್ನ ಪರೀಕ್ಷೆ ಕಣಪ್ಪ. ಕರಿಯೋದು ಇವತ್ತು. ಕರಿಯೋಕ್ಕಿಂತ ಮುಂಚೆ ಯಾರಾದ್ರೂ ಹೋಗ್ತಾರಾ?' ಎನ್ನುತ್ತಿದ್ದಳು.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದೆ. ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಆರು ತಿಂಗಳಾಗಿತ್ತು. ಇಂಗ್ಲಿಷು ಬಂದಿರಲಿಲ್ಲ, ಇಂಗ್ಲಿಷ್ ಮಿಸ್ಸಿನ ದನಿ ಪೂರ್ತಿ ಬಂದಿತ್ತು. ಮೂಗನ್ನು ಸ್ವಲ್ಪ ಮೇಲೆತ್ತಿ, ಕೊನೆಯ ಅಕ್ಷರವನ್ನು ನುಂಗಿದಂತೆ ಮಾಡಿದರೆ ನಾನು ಏನು ಹೇಳಿದರೂ ಓಣಿಯವರು ಇಂಗ್ಲಿಷೆಂದೇ ನಂಬುತ್ತಿದ್ದರು. ಅಂಥ ಒಂದು ದಿನ ಕಣ್ಣಿನ ಶಿಬಿರ ನಡೆಸುವವರ ಕಡೆಯ ಮೇಡಂ ಒಬ್ಬರು ಜಗಲಿಗೆ ಬಂದರು. ಅಜ್ಜ ಟವೆಲಿನಿಂದ ಬೆಂಚು ಒರೆಸಿ 'ಬರ್ರಿ ಮೇಡಂ, ಕುಂತ್ಕಳ್ರಿ' ಎಂದ. ಅವರು ಕೂರಲಿಲ್ಲ, ಚೀಟಿ ಕೊಟ್ಟರು. ಚೀಟಿ ಕನ್ನಡದಲ್ಲೇ ಇತ್ತು, ನಡುವೆ ಒಂದೇ ಒಂದು ಪದ ಇಂಗ್ಲಿಷಿನಲ್ಲಿ, ರೈಲುಗಾಡಿಯಷ್ಟು ಉದ್ದ. ಅಜ್ಜ ಅದರ ಮೇಲೆ ಬೆರಳಿಟ್ಟು, 'ಇದುಕ್ಕೆ ಕಣ್ಣಿನ ಡಾಕ್ಟ್ರು ಅಂದ್ರೆ ಆಗಲ್ವಾ?' ಎಂದ. 'ಹಾಗಂದ್ರೆ ಕನ್ನಡಕ ಕೊಡೋರು ಅಂದ್ಕೋತಾರೆ. ಆಪರೇಷನ್ ಮಾಡೋ ದೊಡ್ಡ ಡಾಕ್ಟ್ರು. ಬ್ಯಾನರ್‌ನಲ್ಲಿ ಹೇಗಿದೆಯೋ ಹಾಗೇ ಹೇಳ್ಬೇಕು' ಎಂದರು ಮೇಡಂ. ಮೆಟ್ಟಿಲಿಳಿಯುತ್ತ, ಇದೊಂದು ಚೆನ್ನಾಗಿ ಆದರೆ ಹೊಳಲ್ಕೆರೆ, ಹಿರಿಯೂರಿನ ಶಿಬಿರಗಳಿಗೂ ನೀವೇ ಎಂದು ಸೇರಿಸಿದರು. ಅಜ್ಜನ ದನಿ ಅಲ್ಲಿಯವರೆಗೆ ಹೊಸದುರ್ಗ ತಾಲ್ಲೂಕು ದಾಟಿರಲಿಲ್ಲ. ಅವತ್ತು ಅವನು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ, ಆ ಕೆನ್ನೆಯಿಂದ ಈ ಕೆನ್ನೆಗೆ ಓಡಿಸುತ್ತಲೇ ಇದ್ದ.

ಆ ಪದವನ್ನು ಹೇಗೆ ಹೇಳುವುದು ಎಂದು ಕೇಳಲು ಅಜ್ಜ ನನ್ನ ಕೈ ಹಿಡಿದುಕೊಂಡು ಪೇಟೆಗೆ ಹೊರಟ. ಔಷಧಿ ಅಂಗಡಿಯವರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, 'ಅಪ್ತಮಾಲಿಸ್ಟ್' ಎಂದರು. ಅವರ ಪಕ್ಕ ಮಾತ್ರೆ ಎಣಿಸುತ್ತಿದ್ದ ಅವರ ಮಗಳು, 'ಅಲ್ಲಪ್ಪ, ಆಫ್ತಾಲ ಅಂತೇನೋ ಬರುತ್ತೆ' ಎಂದಳು. ತಾಲ್ಲೂಕು ಆಫೀಸಿನ ಮುಂದೆ ಅರ್ಜಿ ಬರೆದುಕೊಡುವವರು, ಆ ಪದದಲ್ಲಿ ಎರಡು ಅಕ್ಷರ ಸುಮ್ಮನೆ ಇರುತ್ತವೆ, ಯಾವ ಎರಡೆಂದು ನೆನಪಿಲ್ಲ ಎಂದರು. ಸುಮ್ಮನೆ ಇರುವ ಅಕ್ಷರಕ್ಕೆ ಜಾಗ ಯಾಕೆ ಕೊಟ್ಟರು ಎಂಬುದು ಅಜ್ಜನಿಗೆ ಅರ್ಥವಾಗಲಿಲ್ಲ. ನನಗೆ ಈಗಲೂ ಆಗಿಲ್ಲ. ಮನೆಗೆ ಬರುವ ಹೊತ್ತಿಗೆ ನಮ್ಮ ಹತ್ತಿರ ಎರಡು ಪದಗಳಿದ್ದವು, ಒಂದರ ಮುಖ ಇನ್ನೊಂದನ್ನು ಹೋಲುತ್ತಿರಲಿಲ್ಲ. ಅಜ್ಜ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನತ್ತ ನೋಡಿದ. 'ಲೇ, ನೀನ್ ಹೇಳು. ಇಂಗ್ಲೀಸ್ ಸಾಲೆಗೆ ಹೋಗೋನು ನೀನು.' ನನಗೆ ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಎನ್ನುವ ದನಿಯನ್ನು ನಾನು ಯಾರಿಂದಲೂ ಕಲಿತಿರಲಿಲ್ಲ. ಮೂಗೆತ್ತಿ, ಮಿಸ್ಸಿನ ದನಿಯಲ್ಲಿ, ಕಂಡ ಅಕ್ಷರಗಳನ್ನೆಲ್ಲ ಒಂದನ್ನೂ ಸುಮ್ಮನಿರಲು ಬಿಡದೆ ಎಬ್ಬಿಸಿ ಓದಿದೆ: 'ಓಪ್ತಲ್ಮೊಲೊಗಿಸ್ಟ್.' ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು. ಅಜ್ಜನ ಮುಖ ಅರಳಿತು. 'ನೋಡ್ದೇನೇ? ಊರೆಲ್ಲಾ ಸುತ್ತಿದ್ವಿ, ಮನೆಯಾಗೇ ಇತ್ತು' ಎಂದು ಒಳಗಿದ್ದ ಅಜ್ಜಿಗೆ ಕೂಗಿ ಹೇಳಿದ.

ಆ ಪದವನ್ನು ಅವನು ಕಲಿತ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ರೊಪ್ಪದ ಬಾಗಿಲಲ್ಲಿ ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುವವನಂತೆ ಅಂಗೈಯನ್ನು ಅಡ್ಡ ಹಿಡಿದು, ಒಂದು ಚೂರಿಗೊಮ್ಮೆ ಕೈ ಎತ್ತಿ ಬಿಡುತ್ತಿದ್ದ. 'ಓಪು... ತಲು... ಮೊಲೊ... ಗಿಷ್ಟು.' ನಡುವೆ ಒಂದು ನುಗ್ಗಿಬಿಟ್ಟರೆ ಮತ್ತೆ ಎಲ್ಲವನ್ನೂ ಆಚೆ ಅಟ್ಟಿ ಮೊದಲಿಂದ. ಸಂಜೆ ಹೊಸ್ತಿಲ ಮುಂದೆ ನಿಂತು ಮುಷ್ಟಿ ಬಾಯಿಗೆ ಹಿಡಿದು ಸಾರಿದ. ಒಂದೂ ಕುರಿ ತಪ್ಪಿಸಿಕೊಳ್ಳಲಿಲ್ಲ. ಅಜ್ಜಿ ಮೂರು ಪ್ರಶ್ನೆ ಕೇಳಿದಳು. ಸರ್ಕಾರಿ ಶಾಲೆಯಲ್ಲಿ, ಭಾನುವಾರ, ರೇಷನ್ ಕಾರ್ಡು ಮತ್ತು ಒಂದು ಟವೆಲು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ನಾಲ್ಕನೆಯದನ್ನು ಕೇಳಿದಳು. 'ಮಧ್ಯದಾಗೆ ಏನೋ ಅಂದ್ಯಲ್ಲ, ಅದೇನು, ಮನುಷ್ರ ಹೆಸರಾ, ಊರಿನ ಹೆಸರಾ?'

'ಕಣ್ಣಿನ ಡಾಕ್ಟ್ರು ಕಣೇ.'

'ಮತ್ತೆ ಹಂಗಂತ ಹೇಳು.'

'ಹಂಗ್ ಹೇಳಂಗಿಲ್ವಂತೆ.'

ಅಜ್ಜಿ ಮೊರ ಎಳೆದುಕೊಂಡಳು. ತಲೆಯಾಡಿಸಲಿಲ್ಲ. ಆ ಮನೆಯಲ್ಲಿ ಅವಳ ತಲೆ ಅಲ್ಲಾಡದೆ ಆಟೋ ಹೊರಟದ್ದು ಅದೇ ಮೊದಲು. ಶುಕ್ರವಾರ ಬೆಳಿಗ್ಗೆ ನಾನೂ ಶಾಲೆಗೆ ಚಕ್ಕರ್ ಹೊಡೆದು ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರಿನ ಪಕ್ಕ ಕೂತಿದ್ದೆ, ನನ್ನ ಪದ ಊರಿನ ಮೇಲೆ ಹಾರುವುದನ್ನು ಕೇಳಬೇಕಿತ್ತು. ಹಾರಿತು. ಅಜ್ಜನ ಗಂಟಲಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿತೆಂದರೆ, ಎಳನೀರು ಕೊಚ್ಚುತ್ತಿದ್ದವನು ಮಚ್ಚನ್ನು ಹಾಗೇ ಹಿಡಿದು ತಿರುಗಿ ನೋಡಿದ. ಬಸ್‌ಸ್ಟ್ಯಾಂಡಿನ ಎದುರು ಮೂರನೆಯ ಸಲ ಹೇಳುತ್ತಿದ್ದಾಗ ಆ ಮೇಡಂ ಕೈ ಅಡ್ಡ ಹಿಡಿದು ಓಡಿಬಂದರು. ಬಾಷಾ ಮಾಮ ಬ್ರೇಕು ಹಾಕಿದರು. ಅಜ್ಜ ಮೈಕು ಆಫ್ ಮಾಡುವುದನ್ನು ಮರೆತ. ಆದ್ದರಿಂದ ಮುಂದಿನದನ್ನು ಅಲ್ಲಿದ್ದ ಮೂರು ಬಸ್ಸಿನ ಜನ, ಹೋಟೆಲಿನ ಜನ, ಎಲ್ಲರೂ ಕೇಳಿದರು. 'ಏನ್ರೀ ಇದು! ಯಾರು ನಿಮಗೆ ಹೀಗೆ ಹೇಳಿಕೊಟ್ಟಿದ್ದು?'

ನಾನು ಆಂಪ್ಲಿಫೈಯರಿನ ಹಿಂದೆ ಇನ್ನಷ್ಟು ಸಣ್ಣಗಾದೆ. ಅಜ್ಜ ಹಿಂದೆ ತಿರುಗಲಿಲ್ಲ. 'ಯಾರೂ ಇಲ್ಲ ಮೇಡಂ. ನಂದೇ ನಾಲ್ಗೆ ದಪ್ಪ' ಎಂದ. ಸ್ಪೀಕರು ಅದನ್ನೂ ಊರಿಗೆ ಹೇಳಿತು. ಮೇಡಂ ಕೆಟ್ಟವರಲ್ಲ, ಅವಸರದಲ್ಲಿದ್ದರು. ಸರಿಯಾದದ್ದನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಅಜ್ಜ ಅವರ ಹಿಂದೆಯೇ ಹೇಳಿದ. ಅಲ್ಲ ಎಂದರು. ಇನ್ನೊಮ್ಮೆ ಹೇಳಿದ. ಮೂರನೆಯ ಸಲಕ್ಕೆ ಸರಿಯಾಗಿಯೇ ಬಂತು, ಆದರೆ ಅಷ್ಟರಲ್ಲಿ ಬಸ್ಸಿನ ಕಿಟಕಿಗಳೆಲ್ಲ ನಗುತ್ತಿದ್ದವು. ಗುಡ್ಡದಿಂದ ಗುಡ್ಡಕ್ಕೆ ಕೇಳುತ್ತಿದ್ದ ಆ ಗಂಟಲು ಒಂದನೇ ಕ್ಲಾಸಿನ ಮಗುವಿನ ಹಾಗೆ ಸಣ್ಣಗೆ, ಸರಿಯಾಗಿ, ಒಂದು ಪದ ಹೇಳಿದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ.

ನನ್ನ ಘನಂದಾರಿ ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ಅವತ್ತು ಸಂಜೆ ಓಣಿಯ ಹುಡುಗರು, ಹೆಂಗಸರು ಕಟ್ಟೆಯ ಮೇಲೆ ಸೇರಿ 'ಬಸ್‌ಸ್ಟ್ಯಾಂಡಾಗೆ ಏನಾತು, ಮಾಡಿ ತೋರ್ಸೋ' ಎಂದರು. ಮಾಡಬಾರದಿತ್ತು. ಮಾಡಿದೆ. ಮೇಡಂ ಓಡಿಬಂದದ್ದು, ಬ್ರೇಕಿನ ಕಿರುಚು, 'ನಂದೇ ನಾಲ್ಗೆ ದಪ್ಪ', ಆಮೇಲೆ ಆ ಸಣ್ಣ ದನಿ. ಜನ ಹೊಟ್ಟೆ ಹಿಡಿದುಕೊಂಡರು. ಒಬ್ಬೊಬ್ಬರಾಗಿ ನಗು ನಿಲ್ಲಿಸಿ ನನ್ನ ಹಿಂದೆ ನೋಡತೊಡಗಿದಾಗ ತಿರುಗಿದೆ. ಅಜ್ಜ ನಿಂತಿದ್ದ. ಅವನೂ ನಗುತ್ತಿದ್ದ. ಟವೆಲಿನಿಂದ ಬಾಯಿ ಒರೆಸಿಕೊಂಡು, 'ಬ್ರೇಕು ಚೆನ್ನಾಗಿ ಬಂತು ನೋಡು' ಎಂದು ಒಳಗೆ ಹೋದ. ಅದು ನಿಜವಾದ ನಗುವೇ? ಊರಿನ ಯಾವ ನಗುವನ್ನಾದರೂ ಮಾಡಿ ತೋರಿಸಬಲ್ಲೆ ನಾನು. ಆ ನಗುವನ್ನು ಮಾಡಲು ಹೋದಾಗಲೆಲ್ಲ ಅದರೊಳಗೆ ಏನಿತ್ತೆಂದು ತಿಳಿಯದೆ ಅರ್ಧಕ್ಕೇ ನಿಲ್ಲುತ್ತದೆ. ಆ ಪದ ಹೇಳಿಕೊಟ್ಟವನು ನಾನೆಂದು ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ನನ್ನ ಮುಂದೆ ಕೂಡ.

ಶನಿವಾರ ಬಾಷಾ ಮಾಮ ಹಾರ್ನ್ ಹೊಡೆದರೂ ಅಜ್ಜ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಶಿಬಿರವನ್ನು ಸಾರುತ್ತ ಬೇರೆ ಯಾವುದೋ ಆಟೋ ಓಣಿಗೆ ಬಂತು. ಅದರೊಳಗೆ ಮಾತಾಡುವವರೇ ಇರಲಿಲ್ಲ. ಚಿತ್ರದುರ್ಗದಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದ ಹೆಣ್ಣುದನಿ, ಹಿಂದೆ ಸಂಗೀತ. ಆ ಪದ ಅವಳ ಬಾಯಲ್ಲಿ ಎಣ್ಣೆ ಹಚ್ಚಿದಂತೆ ಜಾರಿ ಹೋಯಿತು. ಆ ಆಟೋ ಸೂತಕದ ಮನೆಯ ಮುಂದೆಯೂ ಸ್ಪೀಕರು ತಿರುಗಿಸಲಿಲ್ಲ, ಬೇವಿನ ಮರದ ಕೆಳಗೂ ನಿಲ್ಲಲಿಲ್ಲ. ಆದರೆ ಸುಳ್ಳು ಹೇಳಬಾರದು: ಭಾನುವಾರ ಬೆಳಿಗ್ಗೆ ಸರ್ಕಾರಿ ಶಾಲೆಯ ಮುಂದೆ ಗೇಟಿನ ಆಚೆಯವರೆಗೂ ಜನ ಇದ್ದರು. ಪೆನ್‌ಡ್ರೈವು ಕರೆದರೂ ಜನ ಬರುತ್ತಾರೆ. ಬಾರದಿದ್ದವಳು ನಮ್ಮಜ್ಜಿ ಒಬ್ಬಳೇ. ಅಮ್ಮ ಸೀರೆ ತೆಗೆದಿಟ್ಟರೆ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. 'ನನ್ನ ಯಾರೂ ಕರೆದಿಲ್ಲ' ಎಂದಳು. ನಿನ್ನೆ ಆಟೋ ಬಂತಲ್ಲವೇ ಎಂದರೆ, 'ಅದ್ಯಾವುದೋ ಹುಡ್ಗಿ. ಅವಳಿಗೇನ್ ಕೇಳ್ಲಿ ನಾನು? ಎಲ್ಲಿ ಅಂದ್ರೆ ತಿರುಗಿ ಹೇಳ್ತಾಳಾ?' ಎಂದಳು. ಹನ್ನೊಂದಕ್ಕೆ ಹೆಸರು ಬರೆಸುವುದು ಮುಗಿಯುತ್ತಿತ್ತು. ಇನ್ನೊಂದು ಶಿಬಿರ ಯಾವಾಗಲೋ ಗೊತ್ತಿರಲಿಲ್ಲ, ಎಡಗಣ್ಣಿನಲ್ಲಿ ಆಗಲೇ ಬೆಳಕು ಮಾತ್ರ ಕಾಣುತ್ತಿತ್ತು. ಅಪ್ಪ ಬೈದ. ಅಮ್ಮ ಅತ್ತಳು. ನಾನು, ಎಲ್ಲದರ ಮೂಲಪುರುಷ, ತೊಲೆಯ ಸ್ಪೀಕರುಗಳನ್ನು ಎಣಿಸುತ್ತ ನಿಂತಿದ್ದೆ. ಪ್ರತಿ ಸಲ ಎಣಿಸಿದರೂ ನಾಲ್ಕೇ ಇದ್ದವು.

ಆಗ ಅಜ್ಜ ಎದ್ದ. ಡಬ್ಬಿಯಿಂದ ಒಂದು ಲವಂಗ ತೆಗೆದು ಕೆನ್ನೆಗಿಟ್ಟುಕೊಂಡ. ಗೂಟದಿಂದ ಮೈಕು ಇಳಿಸಿದ. ಅದರ ವೈರು ಯಾವುದಕ್ಕೂ ಸೇರಿರಲಿಲ್ಲ, ಅವನ ಹಿಂದೆ ನೆಲದ ಮೇಲೆ ಹರಿದುಕೊಂಡು ಬಂತು. ಹೊಸ್ತಿಲಲ್ಲಿ ನಿಲ್ಲಲಿಲ್ಲ, ಅಂಗಳ ದಾಟಿ, ಓಣಿಯ ನಡುವಿಗೆ ಹೋಗಿ, ನಮ್ಮ ಮನೆಯ ಕಡೆ ತಿರುಗಿ ನಿಂತ. ಆಮೇಲೆ ಪೂರ್ತಿ ಗಂಟಲಲ್ಲಿ, ಗುಡ್ಡದಿಂದ ಗುಡ್ಡಕ್ಕೆ ಕರೆಯುವವನಂತೆ ಸಾರಿದ. ಮಾನ್ಯರೇ ಎಂದು ಶುರುವಾಯಿತು, ಚೀಟಿ ಇಲ್ಲದೆಯೇ. ಓಣಿಯ ಬಾಗಿಲುಗಳಲ್ಲಿ ಜನ ಬಂದು ನಿಂತರು. ಆ ಪದ ಹತ್ತಿರ ಬಂದಂತೆ ನಾನು ಗೋಡೆಗೆ ಅಂಟಿಕೊಂಡೆ. ಸರಿಯಾದದ್ದು ಅವನಿಗೆ ಆಗ ಗೊತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅಜ್ಜ ನನ್ನ ಕಡೆ ಒಮ್ಮೆ ನೋಡಿ, ಅಂಗೈ ಎತ್ತಿ ಒಂದೊಂದೇ ಕುರಿ ಬಿಟ್ಟ. 'ಓಪು-ತಲು-ಮೊಲೊ-ಗಿಷ್ಟು, ಅಂದ್ರೆ ಕಣ್ಣಿನ ದೊಡ್ಡ ಡಾಕ್ಟ್ರು ಬಂದವ್ರೆ!'

ಒಬ್ಬರೂ ನಗಲಿಲ್ಲ. ಒಳಗಿನಿಂದ ಅಜ್ಜಿಯ ದನಿ ಬಂತು. 'ಎಲ್ಲಿ?' ಸರ್ಕಾರಿ ಶಾಲೆಯಲ್ಲಿ. 'ಯಾವತ್ತು?' ಇವತ್ತೇ, ಹನ್ನೊಂದರೊಳಗೆ. 'ನಾನೇನ್ ತಕಂಡು ಹೋಗ್ಬೇಕು?' ರೇಷನ್ ಕಾರ್ಡು, ಟವೆಲು. ನಾಲ್ಕನೆಯ ಪ್ರಶ್ನೆ ಹುಟ್ಟಲಿಲ್ಲ. ಆಮೇಲೆ ಅಜ್ಜಿ ಬಾಗಿಲಿಗೆ ಬಂದಳು, ಹೆಗಲ ಮೇಲೆ ಟವೆಲು. 'ನಡಿ ಹೋಗಾಣ. ಡಾಕ್ಟ್ರ ಹತ್ರಕ್ಕೆ ನನ್ನ ಕರಿಯಾಕೆ ಎರಡು ದಿನ ತಕಂಡೆ' ಎಂದಳು.

ಅಜ್ಜ ಯಾಕೆ ನನ್ನ ತಪ್ಪು ಪದವನ್ನೇ ಹೇಳಿದ? ನನ್ನನ್ನು ಅಣಕಿಸಿದನೇ, ಕ್ಷಮಿಸಿದನೇ, ಇಲ್ಲ ಅವನಿಗೆ ನಿಜವಾಗಿ ಅದೇ ಹೆಚ್ಚು ಇಷ್ಟವಾಗಿತ್ತೇ? ಕೇಳಬಹುದಿತ್ತು. ಎಂಟು ವರ್ಷ ಅವನು ನನ್ನ ಪಕ್ಕದಲ್ಲೇ ಉಣ್ಣುತ್ತ ಮಲಗುತ್ತ ಇದ್ದ. ಅಜ್ಜಿಯ ಕಣ್ಣು ತೆರೆಯಿತು. ಪಟ್ಟಿ ಬಿಚ್ಚಿದ ದಿನ ಅವನನ್ನು ನೋಡಿ 'ಇಷ್ಟು ಮುದುಕ ಆಗಿದ್ಯಾ?' ಎಂದಳು. ಹೊಳಲ್ಕೆರೆ, ಹಿರಿಯೂರಿಗೆ ಪೆನ್‌ಡ್ರೈವು ಹೋಯಿತು. ಅಜ್ಜನಿಗೆ ಹಸುಗಳೂ ಸಾವುಗಳೂ ಉಳಿದವು, ಆಮೇಲೆ ಸಾವುಗಳು ಮಾತ್ರ.

ಅವನದೇ ಸಾವು ಬಂದಾಗ ನಾನು ಸಿರಿಗೆರೆಯ ಕಾಲೇಜಿನಲ್ಲಿದ್ದೆ. ಬೆಳಗಿನ ಬಸ್ಸಿನಲ್ಲಿ ಬಂದಿಳಿದಾಗ ಬಾಷಾ ಮಾಮ ಆಟೋಗೆ ಸ್ಪೀಕರು ಕಟ್ಟಿ ಸಿದ್ಧವಾಗಿ ನಿಂತಿದ್ದರು. ಮೈಕು ಹಿಡಿದು ಎರಡು ಸಲ ಬಾಯಿ ತೆರೆದರು, ಕೆಮ್ಮು ಬಿಟ್ಟು ಬೇರೇನೂ ಬರಲಿಲ್ಲ. ನನ್ನ ಕೈಗೆ ಕೊಟ್ಟರು. ನಾನು ಹೊಸ್ತಿಲ ಹೊರಗೆ ನಿಂತು, ಮುಷ್ಟಿ ಬಾಯಿಗೆ ಹಿಡಿದು, ಮೊದಲು ಅಜ್ಜಿಗೆ ಹೇಳಿದೆ. ಮೈಕು ತಿಪ್ಪಣ್ಣನವರು ತೀರಿಕೊಂಡಿದ್ದಾರೆ ಎಂದೆ. ಅಜ್ಜಿ ಗೋಡೆಗೊರಗಿ ಕೂತಿದ್ದಳು. 'ಎಲ್ಲಿ?' ಎಂದಳು. ಮಣ್ಣು ಹೊಲದಲ್ಲಿ ಎಂದೆ. 'ಯಾವತ್ತು?' ಇವತ್ತು, ಮೂರು ಗಂಟೆಗೆ ಎಂದೆ. 'ನಾನೇನ್ ತಕಂಡು ಹೋಗ್ಬೇಕು?' ಮುಷ್ಟಿಯನ್ನು ಬಾಯಿಂದ ಇಳಿಸಿದೆ. ಅವಳು ಗೋಡೆಗೆ ಕೈಯೂರಿದಳು. ಎದ್ದು ಒಳಗೆ ಹೋಗಿ ಡಬ್ಬಿ ತಂದು, ಒಂದು ಲವಂಗವನ್ನು ನನ್ನ ಬಲಗೆನ್ನೆಗೆ ತಳ್ಳಿದಳು. 'ಗಂಟ್ಲು ಒಣಗ್ತೈತೆ. ಹೋಗು, ತಡ ಮಾಡ್ಬೇಡ' ಎಂದಳು. ಆಟೋ ಹತ್ತಿ ಮೊದಲ ಮಾತು ಆಡಿದಾಗ ಸ್ಪೀಕರಿನಿಂದ ಬಂದದ್ದು ಅಜ್ಜನ ದನಿ. ದೇವರಾಣೆ ನಾನು ಅಣಕ ಮಾಡಲಿಲ್ಲ, ತಾನಾಗಿ ಬಂತು. ಸಂತೆ ಬೀದಿಯಲ್ಲಿ ಒಬ್ಬ ಮುದುಕಿ ಬಾಗಿಲಿಗೆ ಓಡಿಬಂದು, 'ತಿಪ್ಪಣ್ಣ ಸತ್ತ ಅಂತ ತಿಪ್ಪಣ್ಣನೇ ಸಾರ್ತಾ ಅವ್ನಲ್ರಪ್ಪ!' ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಆ ದನಿ ನನಗೆ ಮತ್ತೆ ಸಿಕ್ಕಿಲ್ಲ.

ಅಜ್ಜಿಯೂ ಈಗಿಲ್ಲ. ಓಣಿಯ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಾನು ಈಗ ಚಿತ್ರದುರ್ಗದಲ್ಲಿ ಇರುತ್ತೇನೆ, ಆಟೋಗಳಲ್ಲಿ ಸುತ್ತುವ ಪೆನ್‌ಡ್ರೈವಿಗೆ ದನಿ ಕೊಡುತ್ತೇನೆ. ಹೌದು, ಆ ಹೆಣ್ಣುದನಿಯ ಕೆಲಸ ಈಗ ನನ್ನದು, ನಗಬೇಕೆನಿಸಿದರೆ ನಗಿ. ಕಣ್ಣಿನ ಶಿಬಿರದ್ದೂ ಓದುತ್ತೇನೆ. ಆ ಪದವನ್ನು ಫೋನಿನಲ್ಲಿ ಕೇಳಿ ಕಲಿತೆ. ಫೋನು ಅದನ್ನು ಎರಡು ಬಗೆಯಲ್ಲಿ ಹೇಳುತ್ತದೆ, ಎರಡೂ ಸರಿಯಂತೆ. ನನ್ನದು ಅವೆರಡರಲ್ಲಿ ಒಂದು. ಗಾಜಿನ ಕೋಣೆಯಲ್ಲಿ ಕೂತು ಓದಿ ಮುಗಿಸಿದರೆ ಆಚೆ ಕಡೆಯ ಹುಡುಗ ಹೆಬ್ಬೆರಳು ತೋರಿಸುತ್ತಾನೆ. ಯಾರೂ ಏನೂ ಕೇಳುವುದಿಲ್ಲ.

ಮೊನ್ನೆ ಹಲ್ಲಿನ ಡಾಕ್ಟರು ಕೈಗವಸು ಕಳಚಿ, 'ಏನಾದ್ರೂ ಮಾತಾಡಿ, ನೋಡೋಣ' ಎಂದರು. ಮಾತಾಡುವುದೇ ನನ್ನ ಕಸುಬು. ಲವಂಗ ಬಲಗೆನ್ನೆಯಲ್ಲಿತ್ತು. ಮರಗಟ್ಟಿದ ನಾಲಿಗೆಯನ್ನು ಎತ್ತಿ, ಒಂದೊಂದಾಗಿ ಬಿಟ್ಟೆ. 'ಓಪು... ತಲು... ಮೊಲೊ... ಗಿಷ್ಟು.'

ಡಾಕ್ಟರು ಚೀಟಿ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. 'ಕಣ್ಣಿನ ಡಾಕ್ಟ್ರಾ? ಮೇಲಿನ ಮಹಡಿ. ಗುರುವಾರ ಬರ್ತಾರೆ. ಹಳೇ ಚೀಟಿ ಇದ್ರೆ ತಗೊಂಡ್ಹೋಗಿ' ಎಂದರು.

ನಾನು ತಲೆಯಾಡಿಸಿದೆ.